ನಗರ ತೋರಿಸುವ ಕಾಯಕ: ಸ್ಥಳೀಯ ಮಾರ್ಗದರ್ಶಿಯೂ ಗ್ರಾಮ ಪಂಚಾಯಿತಿಯೂ

(ಗ್ರಾಮ ಪಂಚಾಯಿತಿ ಸದಸ್ಯರ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪ್ರವಾಸೋದ್ಯಮವೆಂದರೆ ಅದು ನಗರದ ವಿಷಯ, ಹೋಟೆಲುಗಳ ವಿಷಯ, ಸಂಬಂಧಪಟ್ಟ ಇಲಾಖೆಯ ವಿಷಯ. ಕುಡಿಯುವ ನೀರು, ಬೀದಿದೀಪ, ಚರಂಡಿ, ಉದ್ಯೋಗ ಖಾತರಿ ಕಾಮಗಾರಿಗಳ ನಡುವೆ ಗ್ರಾಮ ಪಂಚಾಯಿತಿಗೆ ಅದರಲ್ಲೇನು ಪಾತ್ರ ಎಂಬ ಪ್ರಶ್ನೆ ಸದಸ್ಯರ ಮನಸ್ಸಿನಲ್ಲಿ ಏಳುವುದು ಸಹಜ. ಈ ಪ್ರಶ್ನೆಗೆ ಉತ್ತರವನ್ನು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿಯೇ ಹುಡುಕಬಹುದು. ದೂರದೂರುಗಳಿಂದ ಬಂದ ಪ್ರವಾಸಿ ಅಲ್ಲಿ ನಿಂತು ಬೆರಗಿನಿಂದ ನೋಡುವುದೇನನ್ನು? ಮಾರುಮಾರಾಗಿ ಕಟ್ಟಿಟ್ಟ ಮೈಸೂರು ಮಲ್ಲಿಗೆ, ಕಂತೆ ಕಂತೆಯಾಗಿ ಜೋಡಿಸಿದ ಮೈಸೂರು ವೀಳ್ಯದೆಲೆ, ಗೊನೆಗೊನೆಯಾಗಿ ತೂಗುಹಾಕಿದ ಬಾಳೆ. ಇವುಗಳಲ್ಲಿ ಯಾವುದೂ ನಗರದ ರಸ್ತೆಗಳ ಮೇಲೆ ಬೆಳೆದುದಲ್ಲ. ಅದೇ ಪ್ರವಾಸಿ ಸಂಜೆ ಕೊಳ್ಳುವ ರೇಷ್ಮೆ ಸೀರೆಯೂ ಯಾವುದೋ ಹಳ್ಳಿಯ ಹಿಪ್ಪುನೇರಳೆ ತೋಟದಲ್ಲಿ, ಚಂದ್ರಿಕೆಯ ಮೇಲೆ ಗೂಡು ಕಟ್ಟಿದ ಹುಳುವಿನಿಂದಲೇ ಆರಂಭವಾದುದು. ನಗರದ ಹೆಸರಿನಲ್ಲಿ ಮಾರಾಟವಾಗುವ ವಸ್ತುವಿನ ಬೇರು ಗ್ರಾಮದಲ್ಲಿದೆ.

ಆ ವಸ್ತುವನ್ನು ಬೆಳೆದ ಕೈಗೂ ಕೊಳ್ಳುವ ಕೈಗೂ ನಡುವೆ ಒಬ್ಬ ವ್ಯಕ್ತಿ ನಿಂತಿರುತ್ತಾನೆ ಅಥವಾ ನಿಂತಿರುತ್ತಾಳೆ. ಆ ವ್ಯಕ್ತಿಯೇ ಪ್ರವಾಸಿ ಮಾರ್ಗದರ್ಶಿ. ಪ್ರವಾಸಿಯು ಯಾವ ಬೀದಿಯಲ್ಲಿ ನಡೆಯಬೇಕು, ಯಾವ ಅಂಗಡಿಯ ಮೆಟ್ಟಿಲು ಹತ್ತಬೇಕು, ಯಾವುದನ್ನು ಅಸಲಿಯೆಂದು ನಂಬಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವರು ಇವರು. ಆದ್ದರಿಂದ ಗ್ರಾಮೀಣ ಯುವಕ ಯುವತಿಯರು ಈ ವೃತ್ತಿಗೆ ಬರಬೇಕೇ ಎಂಬುದಕ್ಕಿಂತ, ಯಾವ ನಿಯಮದ ಮೇಲೆ ಬರಬೇಕು ಎಂಬುದೇ ಮುಖ್ಯವಾದ ಪ್ರಶ್ನೆ. ಮಾರ್ಗದರ್ಶಿಯ ಸಂಭಾವನೆಯು ಅತಿಥಿಯ ಕೈಯಿಂದ ಬರಬೇಕೇ ಹೊರತು ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಬರಬಾರದು ಎಂಬುದು ಈ ಉಪನ್ಯಾಸದ ಸಾರ.

ವೃತ್ತಿಯ ಸ್ವರೂಪ

ಗುಂಪು ಪ್ರವಾಸದ ಬಸ್ಸಿನಲ್ಲಿ ಎಲ್ಲರಿಗೂ ಒಂದೇ ದಾರಿ, ಒಂದೇ ವೇಳೆ. ಅರಮನೆಗೆ ಇಷ್ಟು ನಿಮಿಷ, ಬೆಟ್ಟಕ್ಕೆ ಇಷ್ಟು ನಿಮಿಷ. ಒಂದು ಕುಟುಂಬಕ್ಕೆ ಅಥವಾ ಇಬ್ಬರು ಮೂವರಿಗೆ ಮಾತ್ರ ದಿನವಿಡೀ ಜೊತೆಯಾಗುವ ಸ್ಥಳೀಯ ಮಾರ್ಗದರ್ಶಿಯ ಕೆಲಸ ಇದಕ್ಕಿಂತ ಭಿನ್ನವಾದುದು. ಅದು ಪ್ರಶ್ನೆ ಕೇಳುವುದರಿಂದ ಆರಂಭವಾಗುತ್ತದೆ. ಬರುವವರಲ್ಲಿ ವೃದ್ಧರಿದ್ದಾರೆಯೇ? ಮೆಟ್ಟಿಲು ಹತ್ತಬಲ್ಲರೇ? ಮಕ್ಕಳ ವಯಸ್ಸೆಷ್ಟು? ಆಹಾರದಲ್ಲಿ ಏನಾದರೂ ನಿಷಿದ್ಧವಿದೆಯೇ? ಕೊಳ್ಳಬೇಕಾದುದೇನು, ಅದಕ್ಕೆ ಇಟ್ಟುಕೊಂಡಿರುವ ಹಣವೆಷ್ಟು? ಈ ಐದು ಪ್ರಶ್ನೆಗಳಿಗೆ ಮುನ್ನಾದಿನವೇ ದೂರವಾಣಿಯಲ್ಲಿ ಉತ್ತರ ಪಡೆದ ಮಾರ್ಗದರ್ಶಿಯ ಅರ್ಧ ಕೆಲಸ ಮುಗಿದಂತೆಯೇ ಸರಿ.

ಉದಾಹರಣೆಗಾಗಿ, ಅಜ್ಜಿ, ಮಗಳು ಮತ್ತು ಹತ್ತು ವರ್ಷದ ಮೊಮ್ಮಗ ಒಂದು ದಿನಕ್ಕಾಗಿ ಮೈಸೂರಿಗೆ ಬಂದಿದ್ದಾರೆಂದು ಭಾವಿಸೋಣ. ಹೂವಿನ ಮಾರುಕಟ್ಟೆ ಬೆಳಗಿನ ಹೊತ್ತಿನಲ್ಲಿಯೇ ಚೆಂದ. ಬಿಸಿಲೇರಿದ ಮೇಲೆ ಅದರ ಕಳೆ ಕುಂದುತ್ತದೆ. ಅರಮನೆಗೆ ಜನಸಂದಣಿ ಹೆಚ್ಚುವ ಮುನ್ನ, ಬಾಗಿಲು ತೆರೆದ ಕೂಡಲೇ ಹೋಗುವುದು ಲೇಸು. ಅಲ್ಲಿ ಪಾದರಕ್ಷೆ ಹೊರಗೆ ಬಿಡಬೇಕಾಗುವುದರಿಂದ ಅಜ್ಜಿಗೆ ಕಾಲುಚೀಲ ತರುವಂತೆ ಮೊದಲೇ ತಿಳಿಸಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ನೆರಳಿರುವ ಜಗನ್ಮೋಹನ ಅರಮನೆಯ ಚಿತ್ರಶಾಲೆ, ಸಂಜೆ ಚಾಮುಂಡಿ ಬೆಟ್ಟ. ಬೆಟ್ಟದ ಸುಮಾರು ಸಾವಿರ ಮೆಟ್ಟಿಲುಗಳನ್ನು ಅಜ್ಜಿಗೆ ಹತ್ತಿಸಬೇಕಾಗಿಲ್ಲ. ಏಕಶಿಲಾ ನಂದಿಯ ಬಳಿಗೂ ವಾಹನ ಹೋಗುತ್ತದೆ. ಮೊಮ್ಮಗ ಮೃಗಾಲಯ ಕೇಳಿದರೆ ಅದು ಮಂಗಳವಾರ ಮುಚ್ಚಿರುವುದನ್ನು ಮಾರ್ಗದರ್ಶಿ ಬಲ್ಲವನಾಗಿರಬೇಕು. ಭಾನುವಾರ ಸಂಜೆ ಅರಮನೆಗೆ ದೀಪಾಲಂಕಾರವಿರುತ್ತದೆ. ಆದರೆ ಅದೇ ಭಾನುವಾರ ರೇಷ್ಮೆ ನೇಯ್ಗೆ ಕಾರ್ಖಾನೆಗೆ ರಜೆ. ಎರಡನ್ನೂ ನೋಡಬೇಕೆನ್ನುವವರು ಶನಿವಾರವೇ ಬರುವುದೊಳಿತು ಎಂದು ಮುಂಚಿತವಾಗಿ ಹೇಳುವುದೇ ನಿಜವಾದ ಸೇವೆ. ಇಂತಹ ತಿಳಿವಳಿಕೆಗೆ ದೊಡ್ಡ ಪದವಿಯ ಅಗತ್ಯವಿಲ್ಲ. ಊರನ್ನು ಗಮನವಿಟ್ಟು ನೋಡುವ ಕಣ್ಣು, ಒಂದು ಟಿಪ್ಪಣಿ ಪುಸ್ತಕ ಮತ್ತು ಸಮಯಪಾಲನೆ ಇದ್ದರೆ ಸಾಕು.

ಕಮಿಷನ್ ಲೆಕ್ಕ

ಈಗ ಕಹಿಯಾದ ಭಾಗ. ಪ್ರವಾಸಿ ಊರುಗಳಲ್ಲೆಲ್ಲ ಒಂದು ರೂಢಿ ಬೇರೂರಿದೆ. ಗಿರಾಕಿಯನ್ನು ಕರೆತಂದ ಚಾಲಕನಿಗೂ ಮಾರ್ಗದರ್ಶಿಗೂ ಅಂಗಡಿಯವರು ಮಾರಾಟದ ಮೇಲೆ ಇಂತಿಷ್ಟು ಪಾಲು ಕೊಡುತ್ತಾರೆ. ಪ್ರವಾಸಿ ಇದನ್ನು ಅರಿಯನು. ಅವನ ದೃಷ್ಟಿಯಲ್ಲಿ ಮಾರ್ಗದರ್ಶಿ ತನ್ನ ಹಿತೈಷಿ. ವಾಸ್ತವದಲ್ಲಿ ಆತ ಅಂಗಡಿಯ ಮಾರಾಟಗಾರ.

ಲೆಕ್ಕವನ್ನು ಸರಳವಾದ ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಅಂಗಡಿಗೆ 6,000 ರೂಪಾಯಿ ದಕ್ಕಬೇಕಾದ ಒಂದು ಸೀರೆ ಇದೆ. ಮಾರಾಟ ಬೆಲೆಯ ಶೇಕಡ 25ರಷ್ಟನ್ನು ಕರೆತಂದವರಿಗೆ ಕೊಡಬೇಕಾದರೆ ಅಂಗಡಿಯವರು ಅದನ್ನು 8,000 ರೂಪಾಯಿಗೆ ಮಾರಬೇಕಾಗುತ್ತದೆ. ಹೆಚ್ಚಿಗೆ ಬಂದ 2,000 ರೂಪಾಯಿಯನ್ನು ಚಾಲಕ ಮತ್ತು ಮಾರ್ಗದರ್ಶಿ ಸಮನಾಗಿ ಹಂಚಿಕೊಂಡರೆ ತಲಾ 1,000 ರೂಪಾಯಿ. ನೇಯ್ದವನಿಗೆ ಇದರಲ್ಲಿ ಬಿಡಿಗಾಸಿಲ್ಲ. ಗೂಡು ಬೆಳೆದ ರೈತನಿಗೂ ಇಲ್ಲ. ಇದರ ಬದಲು ಮಾರ್ಗದರ್ಶಿ ದಿನಕ್ಕೆ 1,500 ರೂಪಾಯಿ ಸಂಭಾವನೆಯನ್ನು ಮೊದಲೇ ಬಹಿರಂಗವಾಗಿ ಹೇಳಿ, ಕಮಿಷನ್ ಇಲ್ಲದ ಮಳಿಗೆಗೆ ಕರೆದೊಯ್ದರೆ ಅತಿಥಿಯ ಒಟ್ಟು ಖರ್ಚು 7,500 ರೂಪಾಯಿ. ಅತಿಥಿಗೆ 500 ರೂಪಾಯಿ ಉಳಿತಾಯ, ಮಾರ್ಗದರ್ಶಿಗೆ 500 ರೂಪಾಯಿ ಅಧಿಕ ಆದಾಯ, ಚಾಲಕನಿಗೆ ಅವನ ಬಾಡಿಗೆ ಹೇಗೂ ಉಂಟು.

ಇದಕ್ಕೆ ಎದುರಾಗಿ ಹೇಳುವ ಮಾತನ್ನೂ ಪ್ರಾಮಾಣಿಕವಾಗಿ ಆಲಿಸಬೇಕು. ಅತಿಥಿಗಳು ಸಂಭಾವನೆಯ ಬಗ್ಗೆ ಚೌಕಾಸಿ ಮಾಡಿ ಅದನ್ನು ಮೂರು ನಾಲ್ಕು ನೂರಕ್ಕೆ ಇಳಿಸುತ್ತಾರೆ. ದಸರಾ ಮತ್ತು ಬೇಸಿಗೆ ರಜೆ ಕಳೆದರೆ ಕೆಲಸವೇ ಇರುವುದಿಲ್ಲ. ಮನೆ ನಡೆಯುವುದೇ ಕಮಿಷನ್ನಿನಿಂದ ಎಂದು ಈ ವೃತ್ತಿಯಲ್ಲಿರುವವರು ಹೇಳುತ್ತಾರೆ. ಈ ಮಾತು ಸುಳ್ಳಲ್ಲ. ದೊಡ್ಡ ಖರೀದಿಯಾದ ದಿನ ಕಮಿಷನ್ ಯಾವ ಸಂಭಾವನೆಯನ್ನೂ ಮೀರಿಸುತ್ತದೆ ಎಂಬುದೂ ನಿಜ. ಆದರೆ ಅತಿಥಿ ಏನನ್ನೂ ಕೊಳ್ಳದ ದಿನ ಅದು ಸೊನ್ನೆ. ಆ ಸೊನ್ನೆಯ ಭಯದಿಂದಲೇ ಮಾರ್ಗದರ್ಶಿ ಅರಮನೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಅತಿಥಿಯನ್ನು ಅಂಗಡಿಯಲ್ಲಿ ಎರಡು ಗಂಟೆ ಕೂರಿಸುತ್ತಾನೆ. ಇಂದಿನ ಅತಿಥಿಯ ಕೈಯಲ್ಲಿ ಮೊಬೈಲ್ ಇದೆ. ರಾತ್ರಿ ಕೋಣೆಗೆ ಮರಳುವಷ್ಟರಲ್ಲಿ ಅದೇ ಬಗೆಯ ವಸ್ತುವಿನ ಬೆಲೆ ಅವನಿಗೆ ತಿಳಿದಿರುತ್ತದೆ. ಮೋಸ ಹೋದ ಅತಿಥಿ ಬೇಸರಪಡುವುದು ಆ ಮಾರ್ಗದರ್ಶಿಯೊಬ್ಬನ ಮೇಲಲ್ಲ. ಇಡೀ ಊರಿನ ಮೇಲೆ. ಮುಂದಿನ ಬಾರಿ ಆತ ಗಾಡಿಯಿಂದಲೇ ಇಳಿಯುವುದಿಲ್ಲ.

ಆದ್ದರಿಂದ ಮೂರು ಸಂಗತಿಗಳು ಆವಶ್ಯಕ. ಅರ್ಧ ದಿನಕ್ಕೆ ಮತ್ತು ಪೂರ್ಣ ದಿನಕ್ಕೆ ಸಂಭಾವನೆ ಎಷ್ಟೆಂಬುದು ಬರವಣಿಗೆಯಲ್ಲಿರಬೇಕು. ವಾಹನದವರೊಂದಿಗೆ ಮೊದಲೇ ಮಾತಾಗಿರಬೇಕು. ಮಾರ್ಗದರ್ಶಿ ಕಮಿಷನ್ ಬಿಟ್ಟರೂ ಚಾಲಕ ಅದೇ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ಈ ವೃತ್ತಿಯನ್ನು ವರ್ಷಪೂರ್ತಿಯ ಏಕೈಕ ಆಧಾರವೆಂದು ಭಾವಿಸದೆ ಬೇಸಾಯ, ಹೈನುಗಾರಿಕೆ ಅಥವಾ ಓದಿನ ಜೊತೆಗಿನ ಪೂರಕ ಆದಾಯವೆಂದು ಆರಂಭಿಸಬೇಕು. ಹೊಟ್ಟೆಗೆ ಮತ್ತೊಂದು ಆಸರೆ ಇರುವವನಿಗೆ ಪ್ರಾಮಾಣಿಕನಾಗಿರುವುದು ಸುಲಭ.

ಅಸಲಿಯನ್ನು ಗುರುತಿಸುವ ವಿದ್ಯೆ

ಕಮಿಷನ್ ಬಿಟ್ಟ ಮಾರ್ಗದರ್ಶಿ ಅತಿಥಿಗೆ ಕೊಡಬಲ್ಲ ದೊಡ್ಡ ಸೇವೆಯೆಂದರೆ ಅಸಲಿ ವಸ್ತುವನ್ನು ಗುರುತಿಸಿಕೊಡುವುದು. ಈ ವಿದ್ಯೆಯನ್ನು ಕಲಿಸಬಹುದು.

ರೇಷ್ಮೆಯನ್ನೇ ತೆಗೆದುಕೊಳ್ಳೋಣ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ 32 ಮಗ್ಗಗಳೊಂದಿಗೆ ಆರಂಭವಾಯಿತು. ಇಂದು ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತದಲ್ಲಿದೆ. ರೈತರ ಗೂಡುಗಳಿಂದ ನೂಲು ತೆಗೆಯುವ ನಿಗಮದ ಘಟಕ ತಿರುಮಕೂಡಲು ನರಸೀಪುರದಲ್ಲಿದೆ. ನಿಗಮದ ಪ್ರತಿಯೊಂದು ಸೀರೆಯಲ್ಲೂ ನೇಯ್ಗೆಯ ಸಂಕೇತ ಸಂಖ್ಯೆ ಮತ್ತು ಹೊಲೊಗ್ರಾಂ ಇರುತ್ತವೆ. ಅತಿಥಿಗೆ ಆ ಸಂಖ್ಯೆಯನ್ನು ಬೆರಳಿಟ್ಟು ತೋರಿಸಿದರೆ ಬೇರೆ ಯಾವ ಹೊಗಳಿಕೆಯೂ ಬೇಕಾಗಿಲ್ಲ. ಇತರ ಮಳಿಗೆಗಳಲ್ಲಿ ಕೊಳ್ಳುವಾಗ ಶುದ್ಧ ರೇಷ್ಮೆಗೆ ಸಿಲ್ಕ್ ಮಾರ್ಕ್, ಕೈಮಗ್ಗದ ಬಟ್ಟೆಗೆ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ಎಂದು ನೋಡುವುದು ರೂಢಿಯಾಗಬೇಕು.

ಬೀಟೆ ಮರದ ಹಲಗೆಯಲ್ಲಿ ಬಗೆಬಗೆಯ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಮೂಡಿಸುವ ಇನ್‌ಲೇ ಕೆಲಸ ಮೈಸೂರಿನ ಮತ್ತೊಂದು ಹೆಮ್ಮೆ. ಹಿಂದೆ ಇದಕ್ಕೆ ಆನೆದಂತ ಬಳಸುತ್ತಿದ್ದರು. ಇಂದು ದಂತದ ವ್ಯಾಪಾರ ಕಾನೂನುಬಾಹಿರ. ಯಾರಾದರೂ ಗುಟ್ಟಾಗಿ ದಂತದ ವಸ್ತುವನ್ನು ತೋರಿಸಿದರೆ ಅತಿಥಿಯನ್ನು ಅಲ್ಲಿಂದ ಹೊರಗೆ ಕರೆತರುವುದು ಮಾರ್ಗದರ್ಶಿಯ ಕರ್ತವ್ಯ. ಶ್ರೀಗಂಧದ ವಿಷಯದಲ್ಲಿಯೂ ಎಚ್ಚರ ಬೇಕು. ಬೇರೆ ಮರಕ್ಕೆ ಗಂಧದ ಎಣ್ಣೆ ಸವರಿ ಗಂಧವೆಂದು ಮಾರುವುದುಂಟು. ಸರಕಾರಿ ಎಂಪೋರಿಯಂನಲ್ಲಿ ರಸೀದಿಯೊಡನೆ ಕೊಳ್ಳುವುದೇ ಕ್ಷೇಮ. ದುಂಡನೆಯ ಎಲೆಗಳ ಮೇಲೆ ಕೈಯಿಂದ ಚಿತ್ರಿಸುವ ಗಂಜೀಫಾ ಆಟಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟ ಪ್ರೋತ್ಸಾಹ ಪ್ರಸಿದ್ಧವಾದುದು. ಕೈಬರಹದ ಎಲೆಗೂ ಮುದ್ರಿತ ಎಲೆಗೂ ಇರುವ ವ್ಯತ್ಯಾಸವನ್ನು ಅತಿಥಿಗೆ ತಿಳಿಸಿದಾಗ ಮಾತ್ರ ಅದರ ಬೆಲೆ ಅವನಿಗೆ ನ್ಯಾಯವೆನಿಸುತ್ತದೆ.

ಮೈಸೂರು ರೇಷ್ಮೆ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೈಸೂರು ಊದುಬತ್ತಿ, ಗಂಧದ ಎಣ್ಣೆ, ಬೀಟೆ ಮರದ ಇನ್‌ಲೇ, ಗಂಜೀಫಾ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆ ಇವೆಲ್ಲಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಇದಕ್ಕೆ ಆಧಾರವಾದ ಕಾಯ್ದೆ 1999ರದು. ಈ ಮಾನ್ಯತೆ ಹೆಸರನ್ನು ರಕ್ಷಿಸುತ್ತದೆ. ಬೆಲೆಯನ್ನು ತಾನಾಗಿಯೇ ತಂದುಕೊಡುವುದಿಲ್ಲ. ನಂಜನಗೂಡು ರಸಬಾಳೆಯ ಸ್ಥಿತಿ ಇದಕ್ಕೆ ಸಾಕ್ಷಿ. ಸೊರಗು ರೋಗದಿಂದ ಅದರ ಕೃಷಿಪ್ರದೇಶ ಕುಗ್ಗಿಹೋಯಿತು. ಅತಿಥಿಯನ್ನು ನಿಜವಾದ ರಸಬಾಳೆ ಇಟ್ಟ ಅಂಗಡಿಗೆ ಕರೆದೊಯ್ದು, ಒಂದು ಹಣ್ಣು ರುಚಿ ತೋರಿಸಿ, ಅದನ್ನು ಬೆಳೆಯುವವರ ಕಷ್ಟವನ್ನು ಎರಡು ಮಾತಿನಲ್ಲಿ ಹೇಳುವ ಮಾರ್ಗದರ್ಶಿ ಬೆಳೆಗಾರನಿಗೆ ಒಬ್ಬ ಗಿರಾಕಿಯನ್ನು ಗಳಿಸಿಕೊಡುತ್ತಾನೆ.

ಐತಿಹ್ಯ ಬೇರೆ, ಇತಿಹಾಸ ಬೇರೆ

ಮಾರ್ಗದರ್ಶಿಯ ಮಾತಿಗೆ ಅತಿಥಿ ಬೆಲೆ ಕೊಡುತ್ತಾನೆ. ಆದುದರಿಂದ ಮಾತಿನಲ್ಲಿಯೂ ಅಸಲಿ ನಕಲಿಗಳ ವಿವೇಕ ಬೇಕು. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸಗೊಳಿಸಿದ ಇಂದಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಇದು ಇತಿಹಾಸ. ತಲಕಾಡು ಮರಳಾಗಲಿ ಎಂದು ಅಲಮೇಲಮ್ಮ ಶಪಿಸಿದಳೆಂಬುದು ಐತಿಹ್ಯ. ಎರಡನ್ನೂ ಹೇಳಬಹುದು, ಹೇಳಲೇಬೇಕು. ಐತಿಹ್ಯವು ಜನಮನದ ಆಸ್ತಿ. ಆದರೆ ‘ಹೀಗೆಂದು ಜನ ನಂಬುತ್ತಾರೆ’ ಎಂಬ ಒಂದು ಮಾತನ್ನು ಸೇರಿಸಿ ಹೇಳಿದರೆ ಅತಿಥಿಯ ವಿಶ್ವಾಸ ಇಮ್ಮಡಿಯಾಗುತ್ತದೆ. ಗೊತ್ತಿಲ್ಲದ ಪ್ರಶ್ನೆಗೆ ‘ವಿಚಾರಿಸಿ ಹೇಳುತ್ತೇನೆ’ ಎನ್ನುವುದು ಅವಮಾನವಲ್ಲ.

ಕಾನೂನಿನ ಚೌಕಟ್ಟು

ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಒಳಗೆ ಹಣ ಪಡೆದು ಸ್ಥಳ ತೋರಿಸಲು ಪರವಾನಗಿ ಅಗತ್ಯವೆಂದು 1959ರ ನಿಯಮಗಳು ಹೇಳುತ್ತವೆ. ಬೇಲೂರು, ಹಳೇಬೀಡುಗಳೊಂದಿಗೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರದ ಕೇಶವ ದೇವಾಲಯ ಇಂತಹ ಸ್ಮಾರಕ. ಪರವಾನಗಿಯಿಲ್ಲದವರು ಅಲ್ಲಿ ಒಳಗಿನ ವಿವರಣೆಯನ್ನು ಪರವಾನಗಿ ಪಡೆದ ಮಾರ್ಗದರ್ಶಿಗೆ ಬಿಟ್ಟು, ಊರು, ಮಾರುಕಟ್ಟೆ, ಊಟೋಪಚಾರದ ಹೊಣೆಯನ್ನು ಮಾತ್ರ ಹೊರಬೇಕು. ಬಾಡಿಗೆಗೆ ಬಳಸುವ ವಾಹನಕ್ಕೆ ಹಳದಿ ಫಲಕ ಮತ್ತು ಪರ್ಮಿಟ್ ಇರಬೇಕು. ಸ್ವಂತದ ಬಿಳಿ ಫಲಕದ ಕಾರಿನಲ್ಲಿ ಹಣ ಪಡೆದು ಅತಿಥಿಗಳನ್ನು ಸುತ್ತಾಡಿಸಿದರೆ ಅಪಘಾತದ ಸಂದರ್ಭದಲ್ಲಿ ವಿಮೆಯ ಹಣ ಕೈತಪ್ಪುವ ಅಪಾಯವಿದೆ. ರಾಜ್ಯ ಪ್ರವಾಸೋದ್ಯಮ ಇಲಾಖೆಯ ಮಾರ್ಗದರ್ಶಿ ತರಬೇತಿ ಮತ್ತು ಗುರುತಿನ ಚೀಟಿಯ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಆಸಕ್ತರ ಹೆಸರುಗಳನ್ನು ಮುಂಚಿತವಾಗಿ ಕಳುಹಿಸುವುದು ಸೂಕ್ತ.

ಗ್ರಾಮ ಪಂಚಾಯಿತಿ ಮಾಡಬಹುದಾದುದು

ಇದಕ್ಕೆ ದೊಡ್ಡ ಅನುದಾನ ಬೇಕಾಗಿಲ್ಲ. ಕೆಳಗಿನ ಕಾರ್ಯಗಳನ್ನು ಇರುವ ವ್ಯವಸ್ಥೆಯೊಳಗೇ ಆರಂಭಿಸಬಹುದು.

1. ವಾರ್ಡ್ ಸಭೆಗಳ ಮೂಲಕ ಗ್ರಾಮದಲ್ಲಿರುವ ಕುಶಲಕರ್ಮಿಗಳು, ರೇಷ್ಮೆ ಬೆಳೆಗಾರರು, ಹೂವು ಮತ್ತು ವೀಳ್ಯದೆಲೆ ಬೆಳೆಗಾರರು, ಅತಿಥಿಗಳಿಗೆ ಊಟ ಒದಗಿಸಬಲ್ಲ ಮನೆಗಳು ಇವುಗಳ ಪಟ್ಟಿ ಸಿದ್ಧಪಡಿಸುವುದು. ಯಾವ ತಿಂಗಳಲ್ಲಿ ಏನು ನೋಡಲು ಸಿಗುತ್ತದೆ ಎಂಬುದನ್ನು ಅದರಲ್ಲಿ ನಮೂದಿಸುವುದು. ಅತಿಥಿ ಬಂದ ದಿನ ಹುಳುಮನೆ ಖಾಲಿಯಿದ್ದರೆ ಪ್ರಯೋಜನವಿಲ್ಲ.

2. ಪಿಯುಸಿ ಅಥವಾ ಪದವಿ ಮುಗಿಸಿ ಊರಿನಲ್ಲಿರುವ ಯುವಕ ಯುವತಿಯರಲ್ಲಿ ಆಸಕ್ತರನ್ನು ಗ್ರಾಮಸಭೆಯಲ್ಲಿ ಗುರುತಿಸುವುದು. ಆಯ್ಕೆಯಲ್ಲಿ ಯುವತಿಯರಿಗೆ ಆದ್ಯತೆ ಇರಲಿ. ಮಕ್ಕಳು, ವೃದ್ಧರೊಡನೆ ಬರುವ ಕುಟುಂಬಗಳು ಮತ್ತು ಒಂಟಿಯಾಗಿ ಬರುವ ಮಹಿಳೆಯರು ಮಹಿಳಾ ಮಾರ್ಗದರ್ಶಿಯ ಜೊತೆ ನಿರಾಳವಾಗಿರುತ್ತಾರೆ. ಆದರೆ ಸಂಜೆ ಕೆಲಸ ಮುಗಿದ ಮೇಲೆ ಆಕೆ ಊರಿಗೆ ಮರಳಲು ಬಸ್ಸಿದೆಯೇ ಎಂಬುದನ್ನು ಪಂಚಾಯಿತಿ ಮೊದಲು ವಿಚಾರಿಸಬೇಕು. ಕಡೆಯ ಬಸ್ಸು ಬೇಗನೆ ಹೊರಡುವ ಊರುಗಳಲ್ಲಿ ಸಾರಿಗೆ ಸಂಸ್ಥೆಗೆ ಪತ್ರ ಬರೆಯುವುದು ಸದಸ್ಯರ ಕೆಲಸ.

3. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಸ್ಥಳೀಯ ಇತಿಹಾಸದ ಪುಸ್ತಕಗಳು, ಜಿಲ್ಲಾ ಗೆಜೆಟಿಯರ್, ಶಾಸನ ಸಂಪುಟಗಳು ಇರುವಂತೆ ನೋಡಿಕೊಳ್ಳುವುದು. ಊರಿನ ಹಿರಿಯರ ನೆನಪುಗಳನ್ನು ಬರೆದಿಡುವ ಕೆಲಸವನ್ನು ಈ ಯುವಕರಿಗೇ ವಹಿಸುವುದು. ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಗಳ ಉಚಿತ ತರಬೇತಿಗೆ ಅವರನ್ನು ಕಳುಹಿಸುವುದು.

4. ಸಂಜೀವಿನಿ ಒಕ್ಕೂಟದ ಸ್ವಸಹಾಯ ಗುಂಪುಗಳ ಉತ್ಪನ್ನಗಳಿಗೆ ಬೆಲೆಯ ಚೀಟಿ ಅಂಟಿಸುವ ಪದ್ಧತಿ ತರುವುದು. ಅಳತೆ, ಬಳಸಿದ ಪದಾರ್ಥ, ತಯಾರಿಸಿದ ದಿನಾಂಕ, ಬೆಲೆ ಇವಿಷ್ಟನ್ನು ಬರೆದರೆ ಅತಿಥಿಯೂ ಚೌಕಾಸಿ ಮಾಡುವುದಿಲ್ಲ, ತಯಾರಿಸಿದವಳೂ ಸಂಕೋಚಪಡುವುದಿಲ್ಲ.

5. ಅತಿಥಿಗಳು ಬರುವ ಜಾಗದಲ್ಲಿ ಬಳಸಲು ಯೋಗ್ಯವಾದ ಒಂದು ಶೌಚಾಲಯ, ಕುಡಿಯುವ ನೀರು, ಕಸದ ವಿಲೇವಾರಿ ಇರುವಂತೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದು. ಬೀಗ ಹಾಕಿದ ಶೌಚಾಲಯ ಇದ್ದೂ ಇಲ್ಲದಂತೆ.

6. ಪಂಚಾಯಿತಿ ಗುರುತಿಸಿದ ಮಾರ್ಗದರ್ಶಿಗಳ ಹೆಸರು ಮತ್ತು ಒಪ್ಪಿದ ಸಂಭಾವನೆಯ ವಿವರವುಳ್ಳ ಫಲಕವನ್ನು ಕಚೇರಿಯ ಮುಂದೆ ಹಾಕುವುದು. ‘ಇವರು ಅಂಗಡಿಗಳಿಂದ ಕಮಿಷನ್ ಪಡೆಯುವುದಿಲ್ಲ’ ಎಂಬ ಒಂದು ಸಾಲು ಆ ಫಲಕದಲ್ಲಿರಲಿ. ಯಾರಾದರೂ ಪಡೆದುದು ರುಜುವಾತಾದರೆ ಅವರ ಹೆಸರನ್ನು ಗ್ರಾಮಸಭೆಯ ತೀರ್ಮಾನದಿಂದ ತೆಗೆಯುವುದು. ತೆಗೆಯುವ ಧೈರ್ಯವಿಲ್ಲದಿದ್ದರೆ ಆ ಸಾಲನ್ನು ಬರೆಯದಿರುವುದೇ ಮೇಲು.

7. ಮನೆ, ತೋಟ, ಹುಳುಮನೆಗಳಿಗೆ ಅತಿಥಿಗಳನ್ನು ಕರೆತರುವ ಮುನ್ನ ಮನೆಯವರ ಒಪ್ಪಿಗೆ ಕಡ್ಡಾಯ. ರೇಷ್ಮೆಹುಳುವಿಗೆ ಸೋಂಕು ಬೇಗ ತಗಲುವುದರಿಂದ ಹೊರಗಿನವರನ್ನು ಹುಳುಮನೆಯೊಳಗೆ ಬಿಡದೆ ಬಾಗಿಲಿನಿಂದಲೇ ತೋರಿಸಬೇಕು. ಬಡತನ ಪ್ರದರ್ಶನದ ವಸ್ತುವಲ್ಲ; ಕೇಳದೆ ಯಾರ ಭಾವಚಿತ್ರವನ್ನೂ ತೆಗೆಯಬಾರದೆಂದು ಅತಿಥಿಗೆ ವಿನಯದಿಂದ ಹೇಳುವುದು ಮಾರ್ಗದರ್ಶಿಯ ಹೊಣೆ.

ಇವುಗಳಲ್ಲಿ ಆರನೆಯದೇ ಕಠಿಣವಾದುದು ಮತ್ತು ಅದೇ ಅಡಿಪಾಯ. ಉಳಿದ ಆರನ್ನೂ ಮಾಡಿ ಅದೊಂದನ್ನು ಬಿಟ್ಟರೆ ಗ್ರಾಮದ ಯುವಕರು ನಗರದ ಅಂಗಡಿಗಳಿಗೆ ಸಂಬಳವಿಲ್ಲದ ದಲ್ಲಾಳಿಗಳಾಗುತ್ತಾರೆ. ಪಂಚಾಯಿತಿ ಅದಕ್ಕೆ ಮೊಹರು ಒತ್ತಿದಂತಾಗುತ್ತದೆ.

ಮಾನ್ಯ ಸದಸ್ಯರು ತಮ್ಮ ಕ್ಷೇತ್ರಕ್ಕೆ ಮರಳಿದ ಮೇಲೆ ಒಂದು ಸಣ್ಣ ಕೆಲಸದಿಂದ ಆರಂಭಿಸಬಹುದು. ಮುಂದಿನ ಸಾಮಾನ್ಯ ಸಭೆಯಲ್ಲಿ ಊರಿನಿಂದ ನಗರಕ್ಕೆ ಮಾರಾಟಕ್ಕೆ ಹೋಗುವ ಮೂರು ವಸ್ತುಗಳನ್ನು ಹೆಸರಿಸಿ, ಪ್ರವಾಸಿ ಅವುಗಳಿಗೆ ಕೊಡುವ ಬೆಲೆ ಎಷ್ಟು, ಅದರಲ್ಲಿ ಊರಿಗೆ ಬರುವುದೆಷ್ಟು ಎಂದು ವಿಚಾರಿಸಲಿ. ಎರಡು ಅಂಕಿಗಳ ನಡುವಿನ ಅಂತರ ಕಾಗದದ ಮೇಲೆ ಬಂದಾಗ, ನಗರವನ್ನು ತೋರಿಸುವವರು ಯಾರಾಗಿರಬೇಕು ಮತ್ತು ಅವರು ಯಾರ ಋಣದಲ್ಲಿರಬೇಕು ಎಂಬ ಚರ್ಚೆ ತಾನಾಗಿಯೇ ಆರಂಭವಾಗುತ್ತದೆ. ಆ ಚರ್ಚೆಯ ನಡವಳಿಯನ್ನು ದಾಖಲಿಸಿ ತಾಲ್ಲೂಕು ಪಂಚಾಯಿತಿಗೆ ಕಳುಹಿಸಿದರೆ ಮುಂದಿನ ತರಬೇತಿಗೆ ಅದೇ ಪಠ್ಯವಾದೀತು.